ಬೆಳ್ಳಕ್ಕಿ ಟೀಮಿನ ಬೇಸಿಗೆ

ಮೇ ೪, ಭಾನುವಾರ

ಎದುರುಮನೆಯ ಆರತಿ ಇವತ್ತು ಬಂದು ಒಂದು ವಿಚಿತ್ರ ಕೋರಿಕೆ ಇಟ್ಟಳು. ನಮ್ಮ ಗಿಲ್‌ರಾಯ್‌ನಲ್ಲಿ ಒಂದು ಬೇಸ್‌ಬಾಲ್ ತಂಡವಿದೆಯಂತೆ, ಸೌತ್ ವ್ಯಾಲಿ ಎಗ್ರೆಟ್ಸ್ ಎಂದು ಹೆಸರು. ಎಗ್ರೆಟ್ ಎಂದರೆ ನಮ್ಮ ಬೆಳ್ಳಕ್ಕಿ. ದೊಡ್ಡ ಲೀಗಿನ ತಂಡವಲ್ಲ. ದೊಡ್ಡ ಲೀಗಿಗೆ ಹೋಗಲಾಗದವರು, ಹೋಗಿ ವಾಪಸ್ಸು ಬಂದವರು, ಇನ್ನೂ ಹೋಗಬಹುದೆಂದು ನಂಬಿಕೊಂಡವರು ಸೇರಿ ಆಡುವ ಚಿಕ್ಕ ಲೀಗು. ಬೇಸಿಗೆ ಮುಗಿಯುವವರೆಗೆ ಆಟಗಾರರನ್ನು ಊರಿನವರೇ ಮನೆಯಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಆರತಿ ಅಲ್ಲಿ ವಾಲಂಟಿಯರು.

"ಆಂಟಿ, ನಿಮ್ಮ ಇರಮ್ ರೂಮು ಖಾಲೀನೇ ಅದಲ್ರೀ. ಸೆಪ್ಟೆಂಬರ್ ತನಕ ಅಷ್ಟೇ. ಒಬ್ಬ ಕ್ಯಾಚರ್ ಬರ್ಲಿಕ್ಕತ್ತಾನ, ಭಾಳ ಸಾಧು ಮನಶಾ ಅಂತ" ಅಂದಳು. ಕಲಬುರಗಿ ಬಿಟ್ಟು ಹನ್ನೆರಡು ವರ್ಷವಾದರೂ ಅವಳ ಮಾತು ಹಾಗೇ ಇದೆ.

"ಆಗಲ್ಲಮ್ಮ. ಅಂಕಲ್‌ಗೆ ಮನೇಲಿ ಹೊರಗಿನವ್ರು ಇದ್ರೆ ಇಷ್ಟ ಆಗಲ್ಲ. ಅವರಿಗೆ ರೆಸ್ಟು ಬೇಕು" ಅಂದೆ.

ಆರತಿ ನನ್ನ ಭುಜದಾಚೆ ನೋಡಿದಳು. "ಆಂಟಿ, ಅಂಕಲ್ ಹೂಂ ಅಂತ ತಲಿ ಅಲ್ಲಾಡಿಸ್ಲಿಕ್ಕತ್ತಾರ."

ತಿರುಗಿದೆ. ದಾವೂದ್ ಕುರ್ಚಿಯ ತೋಳನ್ನು ಎಡಗೈಯಿಂದ ತಟ್ಟುತ್ತಾ ಜೋರಾಗಿ ತಲೆಯಾಡಿಸುತ್ತಿದ್ದರು. ಅವಳೆದುರು ಮತ್ತೆ ಇಲ್ಲ ಎನ್ನಲಾಗಲಿಲ್ಲ.

ಫೆಬ್ರವರಿಯಲ್ಲಿ ಸ್ಟ್ರೋಕ್ ಆದಾಗಿನಿಂದ ಇವರ ಬಲಗಾಲು ಮುಕ್ಕಾಲು ಪಾಲು ಬಂದಿದೆ, ಬಲಗೈ ಕಾಲು ಪಾಲು. ಮಾತು ಬಂದಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ನಮಾಜಿಗೆ ನಿಂತರೆ ಒಂದಕ್ಷರ ತಪ್ಪದೆ ಓದುತ್ತಾರೆ, ಆದರೆ ನಮಾಜು ಮುಗಿಸಿ ಒಂದು ಲೋಟ ನೀರು ಕೇಳಲು ಬರುವುದಿಲ್ಲ. ಬಾಯಿಪಾಠವಾದದ್ದು ಮೆದುಳಿನಲ್ಲಿ ಬೇರೆ ಕಡೆ ಇರುತ್ತದೆ ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದ್ದಾರೆ. ಅಲ್ಲಾಹ್ ಅಷ್ಟನ್ನಾದರೂ ಉಳಿಸಿದ್ದಾನಲ್ಲ. ಉಳಿದದ್ದಕ್ಕೆ ನಾನಿದ್ದೇನೆ. ಇವರಿಗೆ ಏನು ಬೇಕು ಎನ್ನುವುದು ಇವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅದಕ್ಕೂ ಅವನಿಗೆ ಶುಕ್ರ್ ಹೇಳಬೇಕು; ದಿನವೂ ಹೇಳುತ್ತೇನೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೈಸೂರಿನ ಸರ್ಕಾರಿ ಶಾಲೆಯಲ್ಲಿ ಕಲಿತದ್ದು ಕೈಬಿಟ್ಟಿಲ್ಲ. ಮಗಳು ಇರಮ್‌ಗೆ ಈ ಅಕ್ಷರ ಓದಲು ಬರುವುದಿಲ್ಲ ಎನ್ನುವುದೊಂದು ಧೈರ್ಯ.

ಮೇ ೧೮, ಭಾನುವಾರ

ಕ್ಯಾಚರ್ ಬಂದ. ಹೆಸರು ಯೋರ್ಮನ್, ವೆನೆಜುವೇಲಾದವನು. ಯಾರೋ ಹುಡುಗ ಬರುತ್ತಾನೆಂದುಕೊಂಡಿದ್ದೆ. ಬಂದವನು ಗಡ್ಡದಲ್ಲಿ ಬಿಳಿ ಕೂದಲಿದ್ದ, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವ ಗಂಡಸು. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ; ಆಟವಿಡೀ ಕುಕ್ಕರಗಾಲಿನಲ್ಲಿ ಕೂತಿರಬೇಕಂತೆ. ಹದಿನೈದು ವರ್ಷ ಕೂತಿದ್ದಾನೆ. ಇಂಗ್ಲಿಷ್ ನಾಲ್ಕು ಮಾತು ಬರುತ್ತದೆ.

ಒಂದು ವಿಷಯ ಬರೆದಿಡಬೇಕು. ನೋಡಲು ಬಂದವರೆಲ್ಲ ಇವರ ಮುಂದೆ ಬಲಗೈ ಚಾಚುತ್ತಾರೆ, ಇವರ ಕೈ ಏಳದಿದ್ದಾಗ ಮುಖ ಸಪ್ಪಗೆ ಮಾಡಿಕೊಂಡು ಹಿಂದೆ ತೆಗೆದುಕೊಳ್ಳುತ್ತಾರೆ. ಯೋರ್ಮನ್ ಒಂದು ಸಲ ಇವರನ್ನು ನೋಡಿದ, ತನ್ನ ಎಡಗೈ ಚಾಚಿದ. ಜಗತ್ತಿನಲ್ಲಿ ಎಲ್ಲರೂ ಹಾಗೇ ಕೈ ಕುಲುಕುತ್ತಾರೇನೋ ಎನ್ನುವ ಹಾಗೆ. ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಊಟಕ್ಕೆ ಅವನೊಬ್ಬನೇ ಮೇಜಿಗೆ ಬಂದ. ಇವರು ಕೋಣೆಯಲ್ಲಿ ಊಟ ಮಾಡಿದರು. ಎಡಗೈಯಲ್ಲಿ ತಿನ್ನಬೇಕಲ್ಲ, ಅದಕ್ಕೇ ಯಾರ ಎದುರಿಗೂ, ಇರಮ್ ಎದುರಿಗೂ, ತಟ್ಟೆ ಮುಟ್ಟುವುದಿಲ್ಲ.

ಜೂನ್ ೭, ಶನಿವಾರ

ನಿನ್ನೆ ಬಕ್ರೀದ್. ಇರಮ್ ಬೆರ್ರಿಯೆಸಾದಿಂದ ಬಂದಿದ್ದಳು. ಬಂದವಳೇ "ಅಮ್ಮಿ, ಯೂ ಗೇವ್ ಮೈ ರೂಮ್ ಟು ಎ ಬೇಸ್‌ಬಾಲ್ ಪ್ಲೇಯರ್?" ಎಂದು ನಕ್ಕಳು. ಯೋರ್ಮನ್ ಬಿರಿಯಾನಿ ತಿಂದ ರೀತಿಗೆ ನನಗೆ ಅಡುಗೆಯ ಮೇಲೆ ಹೋಗಿದ್ದ ಆಸೆ ವಾಪಸ್ಸು ಬಂತು. "ಮಾಮಾ, ಗುಡ್, ಗುಡ್" ಎನ್ನುತ್ತಾ ಪಾತ್ರೆಯ ತಳ ಕೆರೆದ. ಅವನ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ. ಅವರ ತಂಡ ಮಾತ್ರ ಆಡಿದ್ದೆಲ್ಲ ಸೋಲುತ್ತಿದೆ. ಲೀಗಿನಲ್ಲಿ ಎಲ್ಲರಿಗಿಂತ ಕೆಳಗೆ.

ಊಟವಾದ ಮೇಲೆ ಇರಮ್ ಅಪ್ಪನ ಪಕ್ಕ ಕೂತು "ಅಬ್ಬಾ, ಹೌ ಆರ್ ಯೂ ಸ್ಲೀಪಿಂಗ್?" ಎಂದು ಕೇಳಿದಳು.

"ಚೆನ್ನಾಗಿ ನಿದ್ದೆ ಮಾಡ್ತಾರೆ, ಮಧ್ಯ ಒಂದ್ ಸಲ ಏಳ್ತಾರೆ ಅಷ್ಟೆ" ಅಂದೆ.

"ಐ ಆಸ್ಕ್‌ಡ್ ಹಿಮ್, ಅಮ್ಮಿ."

ದಿನಾ ನೋಡಿಕೊಳ್ಳುವವಳು ನಾನು, ತಿಂಗಳಿಗೊಮ್ಮೆ ಬರುವವಳು ಅವಳು. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹಬ್ಬದ ದಿನ.

ಸಂಜೆ ಗ್ಯಾರೇಜಿನಲ್ಲಿ ಸದ್ದಾಯಿತೆಂದು ಹೋಗಿ ನೋಡಿದರೆ ಯೋರ್ಮನ್ ಕುಕ್ಕರಗಾಲಿನಲ್ಲಿ ಕೂತು ತೊಡೆಗಳ ನಡುವೆ ಬೆರಳು ತೋರಿಸುತ್ತಿದ್ದ. ಇವರು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದರು. ಒಂದು ಬೆರಳೆಂದರೆ ನೇರ ಎಸೆತ, ಎರಡೆಂದರೆ ತಿರುಗುವ ಎಸೆತ, ಬೆರಳುಗಳನ್ನು ಅಲ್ಲಾಡಿಸಿದರೆ ನಿಧಾನದ್ದು. ಎಸೆಯುವವನಿಗೆ ಕ್ಯಾಚರ್ ಹೀಗೆ ಹೇಳುತ್ತಾನಂತೆ, ಬಾಯಿ ಬಿಡದೆ. ದೊಡ್ಡ ಲೀಗಿನಲ್ಲಿ ಇದಕ್ಕೂ ಯಂತ್ರ ಬಂದಿದೆ, ಇವರ ಲೀಗಿನಲ್ಲಿ ಇನ್ನೂ ಬೆರಳೇ. ಯೋರ್ಮನ್ ಬೆರಳು ತೋರಿಸಿದ, ಇವರು ಎಡಗೈಯಿಂದ ಗಾಳಿಯಲ್ಲಿ ಆ ಚೆಂಡಿನ ದಾರಿ ಬರೆದರು. ಇಬ್ಬರೂ ತುಂಬಾ ಗಂಭೀರವಾಗಿದ್ದರು. ನಾನು ಸದ್ದು ಮಾಡದೆ ಒಳಗೆ ಬಂದೆ.

ಇವರು ಶನಿವಾರ ಬಂದರೆ ಬಿಳಿ ಟೋಪಿ ಹಾಕಿಕೊಂಡು ಸ್ಯಾನ್ ಹೋಸೆಯಲ್ಲಿ ಕ್ರಿಕೆಟ್ ಅಂಪೈರಿಂಗಿಗೆ ಹೋಗುತ್ತಿದ್ದವರು. ಬೇಸ್‌ಬಾಲ್ ಎಂದರೆ ಮೂಗು ಮುರಿಯುತ್ತಿದ್ದರು.

ಜೂನ್ ೧೫, ಭಾನುವಾರ

ಬೆಳಗಿನ ಜಾವದ ಫಜರ್ ನಮಾಜಾದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಮೊದಲ ಸಲ ಸ್ಟೇಡಿಯಮ್ಮಿಗೆ ಹೋದೆವು. ಯೋರ್ಮನ್ ಟಿಕೆಟ್ ಇಟ್ಟಿದ್ದ, ಇವರು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟರು, ಬೇರೆ ದಾರಿಯಿರಲಿಲ್ಲ. ಜನ, ಮೆಟ್ಟಿಲು, ಟಾಯ್ಲೆಟ್ಟು, ದಾರಿಯಿಡೀ ಇದೇ ಯೋಚನೆ ನನಗೆ. ನಮ್ಮ ಜಾಗ ಹೋಮ್ ಪ್ಲೇಟಿನ ಹಿಂದೆ, ಕ್ಯಾಚರ್ ಕೂರುವ ಜಾಗಕ್ಕೆ ಹತ್ತಿರ. ಬ್ಯಾಟು ಹಿಡಿದವನು ಓಡಲು ಶುರು ಮಾಡುವುದೂ ಕೊನೆಗೆ ಓಡಿ ಬಂದು ಮುಟ್ಟುವುದೂ ಆ ಬಿಳಿ ಹಲಗೆಯನ್ನೇ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಬಾಗಿ ಇವರನ್ನು ಕೇಳಿದ, ಮೊದಲನೇ ಆಟವಾ ಸರ್ ಎಂದು. ನಾನು ತಿರುಗಿ, ಹೌದು, ಇವರಿಗೆ ಸ್ಟ್ರೋಕ್ ಆಗಿದೆ, ಮಾತು ಬರುವುದಿಲ್ಲ ಎಂದು ಹೇಳುತ್ತಿದ್ದೆ.

"ಬ್ಯಾಡ."

ಯಾರು ಅಂದದ್ದೆಂದು ಒಂದು ಕ್ಷಣ ಗೊತ್ತಾಗಲಿಲ್ಲ. ಇವರು ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಸಲ, ಗಟ್ಟಿಯಾಗಿ, "ಬ್ಯಾಡ!" ಎಂದು ತಮ್ಮ ಕೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು.

ಮೂವತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದವರು, ಮನೆಯಲ್ಲಿ ಉರ್ದು. ಬಂದದ್ದು ಮಾತ್ರ ಹುಟ್ಟಿ ಬೆಳೆದ ವಿಜಯಪುರದ ಗಲ್ಲಿಯ ಕನ್ನಡ. ನಾಲ್ಕು ತಿಂಗಳು ಈ ಒಂದು ಗಳಿಗೆಗಾಗಿ ದುವಾ ಮಾಡಿದ್ದೆ. ಬಂದ ಮೊದಲ ಮಾತು ನನಗೇ ಬೇಡ ಎಂದದ್ದು.

ಅತ್ತೆನೋ ಇಲ್ಲವೋ ಬರೆಯುವುದಿಲ್ಲ. ತಂಡ ಸೋತಿತು.

ಜೂನ್ ೧೭

ಥೆರಪಿಸ್ಟಿಗೆ ಹೇಳಿದೆ. ಅವರಿಗೆ ಖುಷಿಯೋ ಖುಷಿ. ಸ್ವಂತದ ಮಾತಿದು, ಬಾಯಿಪಾಠದ್ದಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಅವರು ಮಾತು ಹುಡುಕುವಾಗ ನೀವು ಕಾಯಬೇಕು, ಆ ಮೌನ ತುಂಬಿಸಬೇಡಿ ಅಂದರು. ನಾನು ಯಾವಾಗಲೂ ಕಾಯುತ್ತೇನೆ ಎಂದೆ.

ಮಾತಂತೂ ಬಂತು. ಅಲ್‌ಹಮ್ದುಲಿಲ್ಲಾಹ್.

ಜುಲೈ ೬, ಭಾನುವಾರ

ಬೆಳ್ಳಕ್ಕಿಗಳು ಗೆಲ್ಲಲು ಶುರು ಮಾಡಿದ್ದಾರೆ! ಯಾಕೆಂದು ಯಾರಿಗೂ ಗೊತ್ತಿಲ್ಲ. ಎಸೆಯುವ ಹುಡುಗರೆಲ್ಲ ಚಿಕ್ಕವರು, ಯೋರ್ಮನ್ ಅವರನ್ನು ಬೆರಳಿನಲ್ಲೇ ನಡೆಸುತ್ತಿದ್ದಾನೆ ಎಂದು ಆರತಿ ಹೇಳುತ್ತಾಳೆ. ಒಬ್ಬ ಹುಡುಗ ಗಾಬರಿಯಾದರೆ ಸಾಕು, ಇವನು ಎದ್ದು ಮೆಲ್ಲಗೆ ಅವನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿ ಬರುತ್ತಾನೆ. ಏನು ಹೇಳುತ್ತೀಯ ಎಂದು ಕೇಳಿದೆ. "ನಥಿಂಗ್, ಮಾಮಾ. ಐ ಸೇ, ಬ್ರೀದ್" ಅಂದ.

ಊರಿನಲ್ಲಿ ನಡೆಯುವ ಆಟ ಒಂದನ್ನೂ ನಾವು ಬಿಡುತ್ತಿಲ್ಲ. ಹಿಂದಿನ ಸಾಲಿನ ಮುದುಕ ಕಬ್ಬಿಣದ ಕಂಬಿಯ ಪಕ್ಕದ ತನ್ನ ಕುರ್ಚಿಯನ್ನೇ ಇವರಿಗೆ ಬಿಟ್ಟುಕೊಟ್ಟ, ಏಳಲು ಕೂರಲು ಅನುಕೂಲವೆಂದು. ಅವನ ಹೆಂಡತಿ ಕುಷನ್ ಹೊಲಿದು ತಂದಳು. ನಾನು ಡಬ್ಬದಲ್ಲಿ ಖಾರದ ಮಂಡಕ್ಕಿ ಒಯ್ಯುತ್ತೇನೆ, ಎರಡು ಸಾಲಿಗೂ ಹಂಚಿಕೆಯಾಗುತ್ತದೆ. ಇಪ್ಪತ್ತೈದು ವರ್ಷ ಈ ದೇಶದಲ್ಲಿದ್ದೂ ಇಷ್ಟು ಜನರ ಹೆಸರು ನನಗೆ ಗೊತ್ತಿರಲಿಲ್ಲ.

ಇವರು ಅಂಪೈರ್ ಹೇಳುವ ಮೊದಲೇ ಎಡಗೈ ಎತ್ತಿ "ಟ್ರೈಕ್" ಎನ್ನುತ್ತಾರೆ. ಸರಿಯಾದ ಜಾಗಕ್ಕೆ ಬಿದ್ದ ಎಸೆತ ಸ್ಟ್ರೈಕ್; ಅದರ ಸಕಾರ ಇನ್ನೂ ನಾಲಿಗೆಗೆ ಸಿಗುತ್ತಿಲ್ಲ. ಅಲ್ಲವೆನಿಸಿದರೆ "ಬಾಲ್". ಅಂಪೈರ್ ಬೇರೆ ಹೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಮನೆಗೆ ಬರುವಾಗ ಕಾರಿನಲ್ಲಿ "ಚಾ" ಅಂದರು. ಡ್ರೈವ್-ಥ್ರೂನಲ್ಲಿ ನಿಲ್ಲಿಸಿ ಕೊಡಿಸಿದೆ. ಅಲ್ಲಿನ ಚಹ ಬಾಯಿಗಿಡಲಾಗಲಿಲ್ಲ, ಇಬ್ಬರೂ ಪೂರ್ತಿ ಕುಡಿದೆವು.

ಜುಲೈ ೨೭, ಭಾನುವಾರ

ನಿನ್ನೆ ಕೆಟ್ಟ ದಿನ. ಬ್ಯಾಟಿನ ಅಂಚಿಗೆ ತಗಲಿದ ಚೆಂಡು ನೇರ ಯೋರ್ಮನ್‌ನ ಬಲಗೈಗೆ, ಗ್ಲೌಸಿಲ್ಲದ ಕೈಗೆ ಬಡಿಯಿತು. ಅವನು ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಣ್ಣಿನಲ್ಲಿ ಮುದುಡಿದ. ಇವರು ಎದ್ದು ನಿಂತು ನನ್ನ ತೋಳು ಹಿಡಿದು ಎಳೆದರು. ತಂಡದವರು ಆಟದ ನಡುವೆ ಇದ್ದರು, ಆಸ್ಪತ್ರೆಗೆ ನಾನೇ ಕಾರು ಓಡಿಸಿದೆ. ಹಿಂದಿನ ಸೀಟಿನಲ್ಲಿ ಇವರು ಎಡಗೈಯಿಂದ ಅವನ ಹೆಗಲು ಹಿಡಿದು ಕೂತಿದ್ದರು. ಫೆಬ್ರವರಿಯಲ್ಲಿ ಇದೇ ದಾರಿಯಲ್ಲಿ ಇವರನ್ನು ಆಂಬುಲೆನ್ಸಿನಲ್ಲಿ ಕಳಿಸಿ ಹಿಂದಿನಿಂದ ಹೋಗಿದ್ದೆ. ಅದು ನೆನಪಾದದ್ದು ವಾಪಸ್ಸು ಬರುವಾಗ.

ತೋರುಬೆರಳು ಮುರಿದಿದೆ.

ಜುಲೈ ೨೯

ಕ್ಲಬ್ಬಿನವರು ಯೋರ್ಮನ್‌ನನ್ನು ತಂಡದಿಂದ ಕೈಬಿಟ್ಟಿದ್ದಾರೆ. ಚಿಕ್ಕ ತಂಡ, ಆಡಲಾಗದವನ ಜಾಗದಲ್ಲಿ ಇನ್ನೊಬ್ಬನನ್ನು ತಂದುಕೊಳ್ಳಲೇಬೇಕು. ಮ್ಯಾನೇಜರು ತಾನೇ ಮನೆಗೆ ಬಂದು ಹೇಳಿದ, ಹೇಳುವಾಗ ಅವನ ಕಣ್ಣೂ ಒದ್ದೆಯಾಗಿತ್ತು. ತಂಡ ಪ್ಲೇಆಫ್‌ಗೆ, ಅಂದರೆ ಸೆಮಿಫೈನಲ್ ಸುತ್ತಿಗೆ ಹೋದರೆ, ಅಷ್ಟರಲ್ಲಿ ಬೆರಳು ಕೂಡಿದರೆ ಮತ್ತೆ ಸೇರಿಸಿಕೊಳ್ಳುತ್ತೇನೆ ಅಂದ. ಆ ಎರಡೂ ಆಗುತ್ತವೆಂದು ಅವನಿಗೂ ನಂಬಿಕೆಯಿದ್ದಂತಿರಲಿಲ್ಲ. ಕ್ಲಬ್ಬಿನ ಲೆಕ್ಕದಲ್ಲಿ ಯೋರ್ಮನ್ ಇನ್ನು ನಮ್ಮ ಮನೆಯಲ್ಲಿರಬೇಕಾಗಿಲ್ಲ.

ಮಧ್ಯಾಹ್ನ ಅವನು ಎರಡು ಬ್ಯಾಗು ಕಟ್ಟಿಕೊಂಡು ಕೆಳಗೆ ಬಂದ. ಕೈಗೆ ಪಟ್ಟಿ. ಇವರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಬ್ಯಾಡ" ಅಂದರು. ಆಮೇಲೆ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಗಂಟಲಿನ ನರ ಉಬ್ಬಿತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಹಳ ಹೊತ್ತಾದ ಮೇಲೆ, "ಇ... ಇರು."

ಯೋರ್ಮನ್‌ಗೆ ಕನ್ನಡ ಗೊತ್ತೇ? ಅವನು ಬ್ಯಾಗು ಕೆಳಗಿಟ್ಟ.

ಆಗಸ್ಟ್ ೨, ಶನಿವಾರ

ಇವತ್ತಿನದನ್ನು ಮರೆಯದೆ ಬರೆಯಬೇಕು.

ಜೋಳದ ರೊಟ್ಟಿ, ಕೋಳಿ ಸಾರು ಮಾಡಿದ್ದೆ. ಇವರ ತಟ್ಟೆ ಎಂದಿನಂತೆ ಕೋಣೆಗೆ ಕೊಟ್ಟು ಬಂದು ಯೋರ್ಮನ್‌ಗೆ ಬಡಿಸಿದೆ. ಬಲಗೈ ಬೆರಳುಗಳೆಲ್ಲ ಸೇರಿಸಿ ಪಟ್ಟಿ ಕಟ್ಟಿದ್ದಾರೆ, ಎಡಗೈಯಲ್ಲಿ ರೊಟ್ಟಿ ಮುರಿಯಲು ನೋಡಿದ. ರೊಟ್ಟಿ ತಟ್ಟೆಯ ಸುತ್ತ ಓಡಾಡಿತೇ ಹೊರತು ಮುರಿಯಲಿಲ್ಲ. ಚಮಚ ತರಲು ಎದ್ದೆ.

ಇವರು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಾಲೆಳೆದುಕೊಂಡು ಬಂದು ಅವನ ಎದುರಿನ ಕುರ್ಚಿಯಲ್ಲಿ ಕೂತರು. ಒಂದು ರೊಟ್ಟಿ ಎಳೆದುಕೊಂಡು ಅದರ ಅಂಚಿನ ಮೇಲೆ ತಮ್ಮ ಬಲಗೈ ಮಣಿಕಟ್ಟನ್ನು ಕಲ್ಲಿನ ಹಾಗೆ ಹೇರಿದರು, ಎಡಗೈಯಿಂದ ಒಂದು ಚೂರು ಕಿತ್ತರು, ಅದರಿಂದ ಸಾರಿನ ತುಂಡನ್ನು ಬಾಚಿ ಬಾಯಿಗಿಟ್ಟರು. ಆರು ತಿಂಗಳು ಬಾಗಿಲು ಹಾಕಿಕೊಂಡು ಒಬ್ಬರೇ ಕಲಿತ ವಿದ್ಯೆ. ನಾನೂ ನೋಡಿರಲಿಲ್ಲ.

"ಹಿಂಗ" ಅಂದರು.

ಯೋರ್ಮನ್ ಪಟ್ಟಿ ಕಟ್ಟಿದ ಕೈಯನ್ನು ರೊಟ್ಟಿಯ ಮೇಲಿಟ್ಟ, ಕಿತ್ತ. ಚೂರು ಹಾರಿ ನನ್ನ ಮಡಿಲಿಗೆ ಬಿತ್ತು. ಮೊದಲು ನಕ್ಕದ್ದು ಇವರೇ. ಆಮೇಲೆ ಅವನು. ಆಮೇಲೆ ನಾನು ನಗುತ್ತಾ ನಗುತ್ತಾ ಸೆರಗು ಬಾಯಿಗಿಟ್ಟುಕೊಂಡೆ. ಇಬ್ಬರೂ ಎಡಗೈಯಲ್ಲಿ ಆರೇಳು ರೊಟ್ಟಿ ಮುಗಿಸಿದರು. ಸಾರು ಮೇಜಿಗೆಲ್ಲ ಚೆಲ್ಲಿತ್ತು, ಒರೆಸುವ ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದೆ.

ಯಾ ಅಲ್ಲಾಹ್, ಯಾವ ಬಾಗಿಲಿನಿಂದ ಏನು ಕಳಿಸುತ್ತೀಯ ನೀನು.

ಆಗಸ್ಟ್ ೧೩

ಫೆಬ್ರವರಿಯವರೆಗೆ ನಾನು ಕೆಲಸಕ್ಕೆ ಹೋಗುತ್ತಿದ್ದ ಡೇಕೇರಿನವರು ಮತ್ತೆ ಫೋನು ಮಾಡಿ, ವಾರಕ್ಕೆ ಎರಡು ದಿನವಾದರೂ ಬನ್ನಿ ಎಂದಿದ್ದರು. ಹೋದೆ. ಮಕ್ಕಳು ನನ್ನ ಹೆಸರು ಮರೆತಿರಲಿಲ್ಲ. ಸಂಜೆ ಮನೆಗೆ ಬಂದರೆ ಗಂಡಸರಿಬ್ಬರೂ ಹಿತ್ತಲಲ್ಲಿದ್ದರು, ಇವರ ಬಲಗೈಯಲ್ಲಿ ಟೆನಿಸ್ ಚೆಂಡು. ಹಿಡಿಯುವುದು, ಬಿಡುವುದು, ಹಿಡಿಯುವುದು. ಮಧ್ಯಾಹ್ನ ಏನು ತಿಂದರೆಂದು ಕೇಳುವುದೇ ಮರೆತುಹೋಯಿತು.

ಆಗಸ್ಟ್ ೩೧, ಭಾನುವಾರ

ಲೀಗಿನ ಕೊನೆಯ ದಿನ. ನಾವು ಗೆದ್ದೆವು, ಆದರೆ ಅಷ್ಟೇ ಸಾಲದಿತ್ತು, ಇನ್ನೊಂದು ಊರಿನಲ್ಲಿ ಇನ್ನೊಂದು ತಂಡ ಸೋಲಬೇಕಿತ್ತು. ಆಟ ಮುಗಿದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ಮೊಬೈಲು ಹಿಡಿದು ಕೂತಿದ್ದೆವು. ಬಿಸಿಲು ಬೆಟ್ಟದ ಹಿಂದೆ ಇಳಿಯಿತು. ಆರತಿ ಕೆಳಗಿನಿಂದ ಚೀರಿದಳು, "ಸೋತ್ರರೀ! ಆಂಟಿ, ಅವ್ರು ಸೋತ್ರು!"

ಇನ್ನೊಬ್ಬರ ಸೋಲಿಗೆ ಇಷ್ಟು ಸಂತೋಷಪಟ್ಟದ್ದಕ್ಕೆ ಆಮೇಲೆ ತಪ್ಪಾಯಿತೆಂದು ತೌಬಾ ಮಾಡಿದೆ. ಪ್ಲೇಆಫ್!

ಸೆಪ್ಟೆಂಬರ್ ೭, ಭಾನುವಾರ

ಡಾಕ್ಟರು ಒಪ್ಪಿದರು, ಮ್ಯಾನೇಜರು ಮಾತು ಉಳಿಸಿಕೊಂಡ. ಯೋರ್ಮನ್ ಮತ್ತೆ ಹೋಮ್ ಪ್ಲೇಟಿನ ಹಿಂದೆ ಕೂತ. ತೋರುಬೆರಳನ್ನೂ ಪಕ್ಕದ ಬೆರಳನ್ನೂ ಸೇರಿಸಿ ಟೇಪು ಸುತ್ತಿದ್ದರಿಂದ ಒಂದು ಎರಡರ ವ್ಯತ್ಯಾಸ ಎಸೆಯುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಮುಷ್ಟಿ, ಅಂಗೈ, ಹೆಬ್ಬೆರಳು ಎಂದು ಹೊಸ ಸನ್ನೆ ಮಾಡಿಕೊಂಡಿದ್ದಾರೆ. ಗ್ಯಾರೇಜಿನಲ್ಲಿ ಅವನು ಅಭ್ಯಾಸ ಮಾಡಿದ್ದು ಯಾರ ಜೊತೆ ಎಂದು ಬೇರೆ ಹೇಳಬೇಕಿಲ್ಲ.

ಸೆಮಿಫೈನಲ್ ಗೆದ್ದೆವು. ನನ್ನ ಗಂಟಲು ಕಟ್ಟಿದೆ. ಮೈಸೂರಿನಲ್ಲಿ ದಸರಾ ಮೆರವಣಿಗೆ ನೋಡುವಾಗಲೂ ನಾನು ಇಷ್ಟು ಕಿರುಚಿದವಳಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ನಿನ್ನೆ ಮಧ್ಯಾಹ್ನ ಫೈನಲ್ಲಿನ ಮೂರನೆಯ, ಕೊನೆಯ ಆಟ. ಮೊದಲ ಎರಡರಲ್ಲಿ ಒಂದು ಅವರದು, ಒಂದು ನಮ್ಮದು. ಇರಮ್ ಕೂಡ ಬಂದಿದ್ದಳು. ಸ್ಟೇಡಿಯಮ್ಮಿನಲ್ಲಿ ನಿಲ್ಲಲು ಜಾಗವಿರಲಿಲ್ಲ.

ಕೊನೆಯ ಸರದಿಯವರೆಗೆ ಸಮಸಮ. ಅವರ ಆಟಗಾರನೊಬ್ಬ ಮೂರನೆಯ ಬೇಸಿನಲ್ಲಿ ನಿಂತಿದ್ದ; ಅಲ್ಲಿಂದ ಓಡಿ ಬಂದು ಹೋಮ್ ಪ್ಲೇಟು ಮುಟ್ಟಿದರೆ ಒಂದು ರನ್ನು. ಬ್ಯಾಟಿನವನು ಹೊಡೆದ, ಬೇಸಿನಲ್ಲಿದ್ದವನು ಓಡಿದ. ದೂರದಿಂದ ನಮ್ಮವರು ಎಸೆದ ಚೆಂಡು ಯೋರ್ಮನ್ ಕೈಗೆ ಬಂತು. ಓಡಿ ಬರುವವನು ಪ್ಲೇಟು ಮುಟ್ಟುವ ಮೊದಲು ಇವನು ಅವನನ್ನು ಚೆಂಡಿನಿಂದ ಮುಟ್ಟಿದರೆ ಔಟು. ಅವನು ಹೊಟ್ಟೆಯ ಮೇಲೆ ಜಾರಿಕೊಂಡು ಬಂದ, ಯೋರ್ಮನ್ ಅವನ ಮೇಲೆ ಬಿದ್ದ, ಧೂಳೆದ್ದಿತು. ಅಂಪೈರು ಚಿಕ್ಕ ವಯಸ್ಸಿನವನು. ಎರಡೂ ಕೈ ಅಗಲಿಸಿ ಸೇಫ್, ಅಂದರೆ ಔಟಲ್ಲ, ಎಂದ.

ಇಡೀ ಸ್ಟೇಡಿಯಮ್ಮು "ಔಟ್! ಔಟ್!" ಎಂದು ಕೂಗಿತು. ನಾನೂ ಕೂಗಿದೆ. ಮ್ಯಾನೇಜರು ಟೋಪಿ ಬಿಸಾಡಿ ಓಡಿಬಂದ. ಯಾರೋ ಬಾಟಲಿ ಎಸೆದರು. ಆ ಹುಡುಗ ಕೈ ಅಗಲಿಸಿಕೊಂಡೇ ನಿಂತಿದ್ದ, ಮುಖ ಬಿಳುಚಿತ್ತು.

ಆಗ ಇವರು ಎದ್ದರು. ಕಂಬಿಗೆ ಹೊಟ್ಟೆ ಒರಗಿಸಿಕೊಂಡು ಎರಡೂ ಕೈ ಅಗಲಿಸಿದರು. ಎಡಗೈ ಪೂರ್ತಿ, ಬಲಗೈ ಅರ್ಧ. "ಸೇಫ್!"

ಅದು ಅಂಪೈರಿಂಗಿನ ಶನಿವಾರಗಳ ಧ್ವನಿ, ಬೌಂಡರಿಯವರೆಗೆ ಕೇಳುತ್ತಿದ್ದ ಧ್ವನಿ. ಸಕಾರ ಸ್ಪಷ್ಟವಾಗಿತ್ತು. ಸುತ್ತಲ ನಾಲ್ಕು ಸಾಲು ತಣ್ಣಗಾಯಿತು.

ಹಿಂದಿನ ಸಾಲಿನ ಮುದುಕ, ನೀನು ಯಾರ ಕಡೆಯವನಯ್ಯಾ ದಾವೂದ್ ಎಂದು ರೇಗಿದ. ಇವರು ತಿರುಗಿದರು. ತಮ್ಮ ಎಡಗೈ ಚಾಚಿ ಕಂಬಿಯನ್ನು ಮುಟ್ಟಿ ತೋರಿಸಿದರು. "ಕೈ..." ಎಂದು ನಿಂತರು. ಮುದುಕ ಕಾದ, ಇರಮ್ ಕಾದಳು. "ಕೈ... ಮೊದ್ಲ. ಅವನ್ ಕೈ ಮೊದ್ಲ ಹತ್ತೇತಿ."

ಮುದುಕ ನನ್ನ ಮುಖ ನೋಡಿದ. ಅವನಿಗೆ ಕನ್ನಡ ಬಾರದಲ್ಲ. ಓಡಿ ಬಂದವನ ಕೈ ಮೊದಲು ಪ್ಲೇಟಿಗೆ ತಾಕಿತು ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿಗೆ ತಿರುಗಿಸಿದೆ. ಅವನು ಗೊಣಗುತ್ತಾ ಕೂತ.

ಆ ಒಂದು ರನ್ನಿನಿಂದ ನಾವು ಸೋತೆವು.

ಜನ ಕರಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಯೋರ್ಮನ್‌ಗಾಗಿ ಕಾಯುತ್ತಿದ್ದೆವು. ಆ ಅಂಪೈರ್ ಹುಡುಗ ತಲೆ ತಗ್ಗಿಸಿಕೊಂಡು ಬ್ಯಾಗು ಹೊತ್ತು ನಮ್ಮ ಮುಂದೆ ಹೋದ. ಇವರು ಎಡಗೈ ಅಡ್ಡ ಹಿಡಿದು ನಿಲ್ಲಿಸಿದರು. ಹುಡುಗ ಬೈಗುಳಕ್ಕೆ ಸಿದ್ಧನಾಗಿ ನಿಂತ.

"ಗುಡ್... ಕಾಲ್" ಅಂದರು ಇವರು, ತೀರ್ಪು ಸರಿಯಿತ್ತು ಎಂದು.

ಇಂಗ್ಲಿಷ್! ಆಟದ ಕೂಗುಗಳನ್ನು ಬಿಟ್ಟರೆ ಫೆಬ್ರವರಿಯ ನಂತರ ಮೊದಲ ಸಲ. ಹುಡುಗನಿಗೆ ಅದೇನು ಗೊತ್ತು. "ಥ್ಯಾಂಕ್ ಯೂ, ಸರ್" ಎಂದು ಎರಡು ಸಲ ಹೇಳಿ ಕಣ್ಣೊರೆಸಿಕೊಂಡು ಹೋದ.

ಯೋರ್ಮನ್ ಮಂಡಿಗಳಿಗೆ ಐಸು ಕಟ್ಟಿಕೊಂಡು ಕುಂಟುತ್ತಾ ಬಂದ. ಇವರ ಎದುರು ನಿಂತು ಒಂದೇ ಮಾತು ಕೇಳಿದ. "ಪಾಪಾ. ಸೇಫ್?"

ಏನಾದರೂ ಸಮಾಧಾನ ಹೇಳಲಿ ಎಂದು ನನಗೆ ಆಸೆಯಾಯಿತು. ಹದಿನೈದು ವರ್ಷ ಆಡಿದವನು, ಇದೇ ಕೊನೆ ಎಂದು ಬೆಳಿಗ್ಗೆ ತಾನೆ ಹೇಳಿದ್ದ.

"ಸೇಫ್" ಅಂದರು ಇವರು.

ಯೋರ್ಮನ್ ಉಸಿರುಬಿಟ್ಟ. "ಸೀ. ಸೇಫ್. ಐ ನೋ. ಎವ್ರಿಬಡಿ ಟೆಲ್ ಮಿ, ಔಟ್, ಯೋರ್ಮನ್, ಔಟ್. ಓನ್ಲಿ ಯೂ." ಇವರ ಹೆಗಲಿಗೆ ಹಣೆ ಕೊಟ್ಟು ಅತ್ತ, ಅಳುತ್ತಲೇ ನಕ್ಕ. ಇವರ ಬಲಗೈ ಮೆಲ್ಲಗೆ ಮೇಲೆದ್ದು ಅವನ ಬೆನ್ನಿನ ಮೇಲೆ ಕೂತಿತು.

ಸೋತ ದಿನ ಇಷ್ಟು ಹಗುರಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಯಾರಿಗೆಲ್ಲ ಕೃತಜ್ಞತೆ ಹೇಳಲಿ? ಕುಷನ್ ಕೊಟ್ಟವಳಿಗೆ, ಕುರ್ಚಿ ಬಿಟ್ಟವನಿಗೆ, ಆರತಿಗೆ, ಕೈ ಅಗಲಿಸಿಕೊಂಡೇ ನಿಂತ ಆ ಹುಡುಗನಿಗೆ.

ಸೆಪ್ಟೆಂಬರ್ ೧೯

ಯೋರ್ಮನ್‌ನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಟ್ಟೆ. ನನ್ನ ಕೈಗೆ ಮುತ್ತಿಟ್ಟು ಕಣ್ಣಿಗೊತ್ತಿಕೊಂಡ. ಇವರೂ ಅವನೂ ಎಡಗೈ ಕುಲುಕಿದರು.

ಮನೆ ಖಾಲಿ ಖಾಲಿ.

ಅಕ್ಟೋಬರ್ ೧೯, ಭಾನುವಾರ

ಬಹಳ ದಿನವಾಯಿತು ಬರೆದು. ಬರೆಯುವಂಥದ್ದೇನೂ ಇರಲಿಲ್ಲ, ಎಲ್ಲ ಚೆನ್ನಾಗಿದೆ. ಯೋರ್ಮನ್ ಅವನ ಊರಿನಲ್ಲಿ ಮಕ್ಕಳಿಗೆ ಕೀಪಿಂಗ್ ಹೇಳಿಕೊಡುತ್ತಿದ್ದಾನೆ, ಫೋಟೋ ಕಳಿಸಿದ್ದ. ಡೇಕೇರಿನಲ್ಲಿ ನನಗೆ ವಾರಕ್ಕೆ ನಾಲ್ಕು ದಿನವಾಗಿದೆ. ಇವರೊಡನೆ ಮೊನ್ನೆ ಜಗಳವಾಯಿತು, ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು. ನಿಧಾನವಾಗಿ ಜಗಳವಾಡುತ್ತಾರೆ, ಆದರೆ ಬಿಡುವುದಿಲ್ಲ. ಅವರೇ ಗೆದ್ದರು.

ಇವತ್ತು ಇರಮ್ ಬಂದಿದ್ದಳು. ನಾನು ಈರುಳ್ಳಿ ಹುರಿಯುತ್ತಿದ್ದೆ. ಅವಳು ಅಡುಗೆಮನೆಗೆ ಬಂದು ಕೇಳಿದಳು, ಅಬ್ಬಾನ ಹಳೆಯ ಕ್ರಿಕೆಟ್ ಸ್ನೇಹಿತರು ಮುಂದಿನ ಶನಿವಾರ ಕರೆದಿದ್ದಾರಂತೆ, ಹೋಗುತ್ತಾರಾ, ಅಷ್ಟು ಹೊತ್ತು ಕೂರಲು ಅವರಿಗೆ ಆಗುತ್ತದಾ, ಏನು ಹೇಳಿದರು ಎಂದು.

"ನನಗೇನ್ ಗೊತ್ತು? ಹೊರಗಡೆ ಕೂತಿದಾರಲ್ಲ, ಅವರನ್ನೇ ಕೇಳು" ಅಂದೆ.

ಇರಮ್ ನನ್ನನ್ನು ಒಂದು ಥರಾ ನೋಡಿದಳು.

"ಏನೇ?"

"ನಥಿಂಗ್, ಅಮ್ಮಿ" ಎಂದು ಹಿಂದಿನಿಂದ ಬಂದು ಗಟ್ಟಿಯಾಗಿ ತಬ್ಬಿಕೊಂಡಳು. ಕೈಯಲ್ಲಿ ಸೌಟು, ಬಾಣಲೆಯಲ್ಲಿ ಎಣ್ಣೆ. ಯಾವಾಗ ಏನು ಮಾಡಬೇಕೆಂದು ಈ ಹುಡುಗಿಗೆ ಗೊತ್ತಾಗುವುದಿಲ್ಲ.

ಅವಳು ಹೊರಗೆ ಹೋಗಿ ಅಪ್ಪನ ಎದುರು ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ಇವರು ಹೇಳಲು ಶುರು ಮಾಡಿದರು, ನಡುವೆ ಸಿಕ್ಕಿಕೊಂಡರು. ಎಡಗೈ ಬೆರಳುಗಳು ತೆರೆದವು, ಮುಚ್ಚಿದವು. ಯಾವ ಮಾತು ಹುಡುಕುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಸಿಕ್ಕಿತೆಂದು ಕಾಣುತ್ತದೆ, ಇಬ್ಬರೂ ನಕ್ಕರು.